ಒಡಲು ಕಟ್ಟುವವರ ಊರಿನಲ್ಲಿ

ಇಟಲಿ ದೇಶವೆಂದೊಡನೆ ನಮ್ಮ ಓದುಗರಿಗೆ ರೋಮಾಪುರಿಯ ಭಗ್ನಮಂದಿರಗಳೂ, ವೆನಿಸ್ ನಗರದ ಜಲವೀಥಿಗಳೂ, ಪೀಸಾ ಪಟ್ಟಣದ ವಾಲಿದ ಗೋಪುರವೂ ನೆನಪಿಗೆ ಬರುವುವು. ಹೋದ ವರ್ಷ ಎರಡು ತಿಂಗಳ ಕಾಲ ಆ ದೇಶದಲ್ಲಿದ್ದು ಬಂದ ನಾನು ಇವುಗಳಲ್ಲಿ ಒಂದನ್ನೂ ನೋಡಲಿಲ್ಲವೆಂದರೆ ನಗದಿರುವವರು ವಿರಳ. ನಾನು ಇದ್ದದ್ದು ಉತ್ತರದ ಟುರಿನ್ ನಗರದಲ್ಲಿ. ಅಲ್ಲಿನವರ ಬಾಯಲ್ಲಿ ಅದು ಟೊರಿನೊ. ನನ್ನ ಮಗಳೂ ಅಳಿಯನೂ ಅಲ್ಲಿ ಐದು ವರ್ಷಗಳಿಂದ ಸಂಸಾರ ಹೂಡಿದ್ದಾರೆ. ವಿಶ್ರಾಂತಿವೇತನ ಪಡೆದ ಮೇಲೆ ಮೇಷ್ಟರಿಗೆ ಹೇಳಿಕೊಳ್ಳಲು ನೆವವಾವುದೂ ಉಳಿಯುವುದಿಲ್ಲವಾದುದರಿಂದ, ಚೈತ್ರ ಕಳೆಯುತ್ತಲೇ ಹೊರಟುಬಿಟ್ಟೆನು.

ಟುರಿನ್ ಗಂಭೀರವಾದ ಊರು. ಒಂದು ಕಡೆ ಪೋ ನದಿ ಮಂದವಾಗಿ ಹರಿಯುತ್ತದೆ. ಮತ್ತೊಂದು ಕಡೆ ಆಲ್ಪ್ಸ್ ಪರ್ವತದ ಹಿಮಶಿಖರಗಳು ಬೀದಿಯ ಕೊನೆಯಲ್ಲಿಯೇ ನಿಂತಿರುವಂತೆ ಕಾಣುತ್ತವೆ. ಬೀದಿಗಳು ಗೆರೆ ಎಳೆದಂತೆ ನೆಟ್ಟಗಿವೆ. ಅವುಗಳ ಇಕ್ಕೆಲದಲ್ಲಿಯೂ ಕಮಾನುಗಳುಳ್ಳ ಮೊಗಸಾಲೆಗಳು ಮೈಲಿಗಟ್ಟಲೆ ಸಾಗಿವೆ. ಮಳೆ ಬಂದರೂ ಕೊಡೆ ಬಿಚ್ಚದೆ ಪೇಟೆಯನ್ನೆಲ್ಲ ಸುತ್ತಬಹುದು. ೧೮೬೧ರಲ್ಲಿ ಇಟಲಿ ಒಂದು ರಾಜ್ಯವಾದಾಗ ಅದರ ಮೊದಲನೆಯ ರಾಜಧಾನಿ ಈ ಊರು. ನಾಲ್ಕು ವರ್ಷಗಳಲ್ಲಿಯೇ ಆ ಪದವಿ ಕೈಬಿಟ್ಟುಹೋಯಿತು. ದೊರೆತನ ಹೋದ ಮನೆಯವರು ವ್ಯಾಪಾರಕ್ಕೆ ಇಳಿಯುವಂತೆ ಈ ಊರು ಕೈಗಾರಿಕೆಗೆ ಇಳಿಯಿತು. ೧೮೯೯ರಲ್ಲಿ ಇಲ್ಲಿ ಒಂದು ಮೋಟಾರು ಕಂಪೆನಿ ಹುಟ್ಟಿತು. ‘ಟುರಿನ್ನಿನ ಇಟಾಲಿಯನ್ ಮೋಟಾರು ಕಾರ್ಖಾನೆ’ ಎಂಬ ಅರ್ಥದ ನಾಲ್ಕು ಪದಗಳ ಮೊದಲಕ್ಷರಗಳನ್ನು ಕೂಡಿಸಿ ಅದಕ್ಕೆ ಫಿಯಟ್ ಎಂದು ಹೆಸರಿಟ್ಟರು.

ಫಿಯಟ್ ಎಂಬ ಶಬ್ದ ನಮಗೆ ಹೊಸದಲ್ಲ. ನನ್ನ ಬಾಲ್ಯದಲ್ಲಿ ನಮ್ಮ ತಾಲ್ಲೂಕಿನ ಡಾಕ್ಟರ ಮನೆಯ ಮುಂದೆಯೂ ವಕೀಲರ ಮನೆಯ ಮುಂದೆಯೂ ನಿಲ್ಲುತ್ತಿದ್ದುದು ಫಿಯಟ್ ಕಾರೇ. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪೆನಿಯವರು ಫಿಯಟ್ ೧೧೦೦ ಎಂಬ ಮಾದರಿಯನ್ನು ತಯಾರಿಸುತ್ತಿದ್ದರು. ಮುಂದೆ ಅದಕ್ಕೆ ಪದ್ಮಿನಿ ಎಂಬ ಸ್ತ್ರೀನಾಮ ಬಂದಿತು. ಆದರೆ ನಾನು ಇಲ್ಲಿ ಹೇಳಹೊರಟಿರುವುದು ಅದಕ್ಕಿಂತಲೂ ಚಿಕ್ಕದಾದ, ನಮ್ಮ ಊರಿನವರು ನೋಡಿದರೆ ಆಟದ ಬಂಡಿಯೆಂದೇ ಭಾವಿಸಬಹುದಾದ ಒಂದು ಕಾರಿನ ವಿಷಯ; ಮತ್ತು ಅದಕ್ಕೆ ಬಗೆಬಗೆಯ ಒಡಲುಗಳನ್ನು ಕಟ್ಟಿದ ಕುಶಲಿಗಳ ವಿಷಯ.

ಮೊದಲು ಕಾರನ್ನು ಕುರಿತು ಎರಡು ಮಾತು. ಎರಡನೆಯ ಮಹಾಯುದ್ಧದ ತರುವಾಯ ಇಟಲಿ ಬಡವಾಗಿದ್ದಿತು. ಸಾಮಾನ್ಯ ಸಂಸಾರದ ವಾಹನ ಸ್ಕೂಟರು. ಗಂಡ, ಹೆಂಡತಿ, ನಡುವೆ ಒಂದು ಕೂಸು. ಅಂತಹವರಿಗೆ ನಾಲ್ಕು ಚಕ್ರವನ್ನೂ ತಲೆಯ ಮೇಲೊಂದು ಮರೆಯನ್ನೂ ಕೊಡಬೇಕೆಂದು ಫಿಯಟ್ಟಿನ ಮುಖ್ಯ ಇಂಜಿನಿಯರ್ ದಾಂತೆ ಜಕೋಸಾ ಎಂಬಾತನು ಯೋಚಿಸಿದನು. ೧೯೩೬ರಲ್ಲಿ ‘ಟೊಪೊಲಿನೊ’, ಎಂದರೆ ‘ಪುಟ್ಟ ಇಲಿ’, ಎಂದು ಜನ ಮುದ್ದಿನಿಂದ ಕರೆದ ಸಣ್ಣ ಕಾರನ್ನು ರಚಿಸಿದವನೂ ಆತನೇ. ೧೯೫೭ನೆಯ ಜುಲೈ ೪ರಂದು ಅವನ ಹೊಸ ‘೫೦೦’ ಕಾರು ಹೊರಬಂದಿತು. ಅದರ ಉದ್ದ ಮೂರು ಮೀಟರಿಗಿಂತ ಕಡಮೆ. ಎರಡು ಸಿಲಿಂಡರಿನ ೪೭೯ ಸಿ.ಸಿ. ಇಂಜಿನು ಹಿಂಭಾಗದಲ್ಲಿ, ಅದನ್ನು ತಣಿಸಲು ನೀರಿಲ್ಲ, ಗಾಳಿಯೊಂದೇ. ಅದರ ಬಲ ೧೩ ಅಶ್ವಶಕ್ತಿ. ಮೇಲ್ಛಾವಣಿ ಸುರುಳಿ ಸುತ್ತಬಹುದಾದ ಬಟ್ಟೆ. ಬಾಗಿಲುಗಳು ನಮ್ಮ ಮನೆಯ ಕದಗಳಂತೆ ಹಿಂದಕ್ಕೆ ತೆರೆಯುತ್ತಿದ್ದುವು. ತೆಳುವಾದ ತಗಡು ಬಾಗಿದರೆ ಗಟ್ಟಿಯಾಗುತ್ತದೆಂಬುದನ್ನು ಅರಿತ ಜಕೋಸಾ ಅದನ್ನು ಮೊಟ್ಟೆಯ ಸಿಪ್ಪೆಯಂತೆ ಗುಂಡಗೆ ಬಾಗಿಸಿದನು. ಅಲ್ಲಿ ಸೌಂದರ್ಯವೂ ಮಿತವ್ಯಯವೂ ಒಂದೇ ಆದುವು. ೧೯೭೫ರಲ್ಲಿ ಸಿಸಿಲಿ ದ್ವೀಪದ ಕಾರ್ಖಾನೆಯಲ್ಲಿ ಕೊನೆಯ ಬಂಡಿ ಹೊರಬೀಳುವವರೆಗೆ ೩೮ ಲಕ್ಷಕ್ಕೂ ಹೆಚ್ಚು ಬಂಡಿಗಳು ತಯಾರಾದುವು.

ಇಷ್ಟೆಲ್ಲ ನಾನು ತಿಳಿದುಕೊಂಡದ್ದು ಹನ್ನೊಂದು ವರ್ಷದ ನನ್ನ ಮೊಮ್ಮಗನಿಂದ. ಒಂದು ಭಾನುವಾರ ಬೆಳಿಗ್ಗೆ ಅವನು, “ತಾತ, ಇವತ್ತು ನದಿಯ ಹತ್ತಿರದ ಚೌಕದಲ್ಲಿ ಹಳೆಯ ೫೦೦ ಕಾರಿನವರೆಲ್ಲ ಸೇರುತ್ತಾರೆ, ಬಾ” ಎಂದು ಕೈಹಿಡಿದು ಎಳೆದುಕೊಂಡು ಹೋದನು.

ಚೌಕದಲ್ಲಿ ಎಪ್ಪತ್ತು ಎಂಬತ್ತು ಬಂಡಿಗಳು ಸಾಲಾಗಿ ನಿಂತಿದ್ದುವು. ನಮ್ಮ ಗೌರಿಹಬ್ಬದ ಬಾಗಿನಗಳನ್ನು ಜೋಡಿಸಿಟ್ಟಂತೆ ಕಂಡಿತು. ಹೆಚ್ಚಿನವು ಜಕೋಸಾ ಮಾಡಿದ ಸಾದಾ ಮಾದರಿಯವು. ಆದರೆ ನಡುನಡುವೆ ಕೆಲವು ಬೇರೆಯೇ ವೇಷ ಧರಿಸಿದ್ದುವು. “ಇವೂ ೫೦೦ ಏನೋ?” ಎಂದು ಕೇಳಿದೆನು. “ಹೌದು ತಾತ, ಇಂಜಿನು ಅದೇ, ಅಡಿ ಅದೇ, ಬಾಡಿ ಮಾತ್ರ ಬೇರೆ” ಎಂದನು.

ಬಾಡಿ ಬೇರೆ ಎಂಬ ಮಾತು ಕೇಳಿದೊಡನೆ ನನಗೆ ವಿಷಯ ಅರ್ಥವಾಯಿತು. ನಮ್ಮ ಕಡೆ ಲಾರಿ ಕೊಳ್ಳುವವನು ಕಂಪೆನಿಯಿಂದ ಬರಿಯ ಚಾಸಿಯನ್ನು ತರುತ್ತಿದ್ದನಷ್ಟೆ. ಬಯಲಿನಲ್ಲಿ ಹಲಗೆಯ ಮೇಲೆ ಕುಳಿತ ಚಾಲಕನು ತಲೆಗೆ ವಸ್ತ್ರ ಸುತ್ತಿಕೊಂಡು ಆ ಅಸ್ಥಿಪಂಜರವನ್ನು ಹೆದ್ದಾರಿಯಲ್ಲಿ ಓಡಿಸಿಕೊಂಡು ಬರುವುದನ್ನು ಯಾರು ನೋಡಿಲ್ಲ? ಆಮೇಲೆ ಊರ ಹೊರಗಿನ ಶೆಡ್ಡಿನಲ್ಲಿ ಅದಕ್ಕೆ ‘ಬಾಡಿ ಕಟ್ಟುವರು’. ಯುರೋಪು ಖಂಡದಲ್ಲಿ ಮೋಟಾರು ಹುಟ್ಟಿದ ಹೊಸತರಲ್ಲಿ ಕಾರಿಗೂ ಇದೇ ಕ್ರಮವಿದ್ದಿತು. ಕುದುರೆ ಸಾರೋಟು ಕಟ್ಟುತ್ತಿದ್ದ ಕುಶಲಿಗಳೇ ಮೋಟಾರಿಗೂ ಒಡಲು ಕಟ್ಟಿದರು. ಇಟಲಿಯಲ್ಲಿ ಅವರಿಗೆ ‘ಕರೊತ್ಸಿಯೇರೆ’ ಎಂದು ಹೆಸರು. ‘ಕರೊತ್ಸಾ’ ಎಂದರೆ ಸಾರೋಟು. ಸಂಸ್ಕೃತಕ್ಕೆ ತಿರುಗಿಸುವುದಾದರೆ ‘ರಥಕಾರ’ ಎಂಬುದಕ್ಕಿಂತ ಸಮನಾದ ಪದ ದೊರೆಯದು. ಕಾರ್ಖಾನೆಯ ಸಾಲಿಗೆ ಸೇರದ ಇಂತಹ ಬಂಡಿಗಳಿಗೆ ಅವರು ಇಟ್ಟಿರುವ ಹೆಸರು ‘ಫುವೊರಿ ಸೇರಿಯೆ’. ಎಂದರೆ ಸಾಲಿನಿಂದ ಹೊರಗಿನದು.

ಆದರೆ ಈ ಪುಟ್ಟ ೫೦೦ ಕಾರಿಗೆ ಬೇರೆ ಒಡಲು ಕಟ್ಟುವುದು ಸುಲಭವಾಗಿರಲಿಲ್ಲ. ನಮ್ಮ ಮನೆಗಳಲ್ಲಿ ಎರಡು ಬಗೆಯುಂಟು. ಕಂಬ ತೊಲೆಗಳ ಮೇಲೆ ಮಾಡು ನಿಂತಿರುವ ತೊಟ್ಟಿಮನೆಯಲ್ಲಿ ಗೋಡೆಯನ್ನು ಒಡೆದು ಬೇರೆಡೆ ಹಾಕಿದರೂ ಮನೆ ಬೀಳುವುದಿಲ್ಲ. ಮಣ್ಣಿನ ಗೋಡೆಯೇ ಮಾಡನ್ನು ಹೊತ್ತಿರುವ ಮನೆಯಲ್ಲಿ ಹಾಗಲ್ಲ. ಗೋಡೆ ಮುಟ್ಟಿದರೆ ಮಾಡು ಕುಸಿಯುವುದು. ಹಳೆಯ ಟೊಪೊಲಿನೊ ಮೊದಲನೆಯ ಬಗೆಯದು. ಅದಕ್ಕೆ ಬೇರೆ ಚಾಸಿಯಿದ್ದಿತು. ೧೯೫೭ರ ೫೦೦ ಎರಡನೆಯ ಬಗೆಯದು. ಚಾಸಿಯೂ ಒಡಲೂ ಒಂದೇ ಚಿಪ್ಪಾಗಿ ಬೆಸೆದುಕೊಂಡಿರುವುದು. ಆದುದರಿಂದ ಒಡಲು ಕಟ್ಟುವವನು ಕಾರ್ಖಾನೆಯಿಂದ ನೆಲಹಲಗೆಯ ಭಾಗವನ್ನಷ್ಟೇ ಬೇಡಿ ತರಬೇಕು. ಇಲ್ಲವೆ ಇಡಿಯ ಕಾರನ್ನೇ ಕೊಂಡು ಗರಗಸ ಹಾಕಬೇಕು. ಕತ್ತರಿಸಿದ ಮೇಲೆ ಹೋದ ಬಲವನ್ನು ಅಡಿಯಲ್ಲಿ ಕೊಳವೆಯನ್ನೋ ಪಟ್ಟಿಯನ್ನೋ ಬೆಸೆದು ಮರಳಿ ತುಂಬಬೇಕು. ಇಷ್ಟು ಕಷ್ಟವಿದ್ದರೂ ಆ ಕಾಲದ ಟುರಿನ್ನಿನ ಒಡಲುಕಾರರಲ್ಲಿ ಅನೇಕರು ಈ ಪುಟ್ಟ ಬಂಡಿಗೆ ಕೈಹಚ್ಚಿದರು. ಕಾರಣವೇನೆಂದರೆ, ದೊಡ್ಡ ಕಾರನ್ನು ಕಟ್ಟಿಸುವ ದೊರೆಗಳು ಕಡಮೆಯಾಗುತ್ತಿದ್ದರು. ಹತ್ತು ಜನರಂತಲ್ಲದೆ ತನ್ನದೊಂದು ಬಂಡಿ ಬೇಕೆನ್ನುವ ಸಾಮಾನ್ಯ ಗೃಹಸ್ಥರು ಹೆಚ್ಚುತ್ತಿದ್ದರು.

ಸಾಲಿನಲ್ಲಿ ಮೊದಲು ನನ್ನ ಕಣ್ಣಿಗೆ ಬಿದ್ದುದು ‘ಜಾಲಿ’ ಎಂಬುದು. ಇದನ್ನು ಕಟ್ಟಿದವರು ಟುರಿನ್ನಿನ ಘಿಯಾ ಮನೆಯವರು. ೧೯೫೦ರ ದಶಕದ ಕೊನೆಯಲ್ಲಿ ಮೊದಲಾಯಿತು. ಅದಕ್ಕೆ ಬಾಗಿಲುಗಳೇ ಇಲ್ಲ. ಪಕ್ಕಗಳನ್ನು ತಗ್ಗಾಗಿ ಕತ್ತರಿಸಿದ್ದಾರೆ. ಕುಳಿತುಕೊಳ್ಳಲು ಬೆತ್ತದಿಂದ ಹೆಣೆದ ಪೀಠಗಳು. ತಲೆಯ ಮೇಲೆ ನಮ್ಮ ಉತ್ಸವದ ಛತ್ರಿಯಂತೆ ಅಂಚಿನಲ್ಲಿ ಕುಚ್ಚು ಇಳಿಬಿಟ್ಟ ಬಟ್ಟೆಯ ಮೇಲುಕಟ್ಟು. ಇದು ಸಮುದ್ರತೀರದ ವಿಲಾಸಗೃಹಗಳಲ್ಲಿ ಈಜುಡುಗೆಯಲ್ಲಿಯೇ ಹತ್ತಿ ಇಳಿಯುವುದಕ್ಕೆ. ಸಾದಾ ಬಂಡಿಯ ಬೆಲೆಯ ಸುಮಾರು ಇಮ್ಮಡಿ ಇದರ ಬೆಲೆ. ಹಡಗುಗಳ ದೊರೆಯಾದ ಗ್ರೀಸಿನ ಒನಾಸಿಸ್ ಇಂತಹುದೊಂದನ್ನು ಇಟ್ಟುಕೊಂಡಿದ್ದನು. ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ನನ ಟೆಕ್ಸಾಸ್ ತೋಟದಲ್ಲಿಯೂ ಒಂದಿದ್ದಿತು. ಇಟಲಿಯವರ ಭಾಷೆಯಲ್ಲಿ ಜಾಲಿ ಎಂದರೆ ಇಸ್ಪೀಟಿನ ಜೋಕರು. ಹೆಸರು ಹೊಂದಿದೆ. ಬಡವನಿಗೆಂದು ಮಾಡಿದ ಬಂಡಿಯನ್ನು ಕತ್ತರಿಸಿ ಸಿರಿವಂತನಿಗೆ ಆಟಿಕೆ ಮಾಡಿದರಲ್ಲಾ ಎಂದು ನನ್ನ ಮೇಷ್ಟರ ಮನಸ್ಸು ಗೊಣಗಿತು. ಆದರೂ ಆ ಬೆತ್ತದ ಹೆಣಿಗೆಯನ್ನು ಬೆರಳಿನಿಂದ ಮುಟ್ಟಿ ನೋಡದೆ ಇರಲಾರದಾದೆನು. ನಮ್ಮ ಮೇದಾರರು ಮೊರ ಹೆಣೆಯುವಾಗ ಅಂಚು ಕಟ್ಟುವಷ್ಟೇ ಅಚ್ಚುಕಟ್ಟಾಗಿದ್ದಿತು.

ಅದರ ಮುಂದೆ ‘ಗಮೀನ್’ ಎಂಬ ಕೆಂಪು ಬಂಡಿ. ಇದು ಅಲ್ಫ್ರೇಡೊ ವಿನ್ಯಾಲೆ ಎಂಬಾತನ ಕಾರ್ಖಾನೆಯದು, ೧೯೬೭ರಲ್ಲಿ ಮೊದಲಾಯಿತು. ಇಬ್ಬರೇ ಕೂಡಬಹುದಾದ ತೆರೆದ ಬಂಡಿ. ೧೯೩೦ರ ದಶಕದ ಕಾರುಗಳ ಹಳೆಯ ಠೀವಿಯನ್ನು ಅನುಕರಿಸಿದೆ. ಮುಂದುಗಡೆ ನೆಟ್ಟಗೆ ನಿಂತ, ಹೊಳೆಯುವ ಜಾಲರಿ. ನೋಡಿದವರು ಅದರ ಹಿಂದೆ ಇಂಜಿನು ಇದೆಯೆಂದು ತಿಳಿಯಬೇಕು. ಇಂಜಿನು ಇರುವುದು ಹಿಂಭಾಗದಲ್ಲಿ. ಅದಕ್ಕೆ ನೀರಿನ ತೊಟ್ಟಿಯೂ ಇಲ್ಲ. ನಾಟಕದ ರಾಜನ ಕಿರೀಟದಂತೆ ಆ ಜಾಲರಿ ಕೇವಲ ಶೋಭೆಗೆ. ನಾನು ನಕ್ಕೆನು; ಬಂಡಿಯ ಯಜಮಾನನೂ ನಕ್ಕನು. ಆದರೆ ವಿನ್ಯಾಲೆಯ ಕಥೆ ನಗುವಂತಹುದಲ್ಲ. ಪ್ರಸಿದ್ಧ ಓಟದ ಕಾರುಗಳಿಗೆ ಒಡಲು ಕಟ್ಟಿ ಹೆಸರು ಪಡೆದಿದ್ದ ಆತನು ೧೯೬೯ರಲ್ಲಿ ತನ್ನ ಕಾರ್ಖಾನೆಯನ್ನು ಮಾರಬೇಕಾಯಿತು. ಅದೇ ವರ್ಷ ಮೋಟಾರು ಅಪಘಾತದಲ್ಲಿ ತೀರಿಕೊಂಡನು.

ಮೂರನೆಯದು ‘ಬಿಯಾಂಕೀನ’. ಇದು ಒಂಟಿ ಕುಶಲಿಯ ಕೆಲಸವಲ್ಲ. ಬೈಸಿಕಲ್ಲಿಗೆ ಹೆಸರಾದ ಬಿಯಾಂಕಿ ಕಂಪೆನಿಯವರೂ, ಟೈರು ಮಾಡುವ ಪಿರೆಲ್ಲಿಯವರೂ, ಫಿಯಟ್ಟಿನವರೂ ೧೯೫೫ರಲ್ಲಿ ಕೂಡಿ ಆಟೊಬಿಯಾಂಕಿ ಎಂಬ ಕಂಪೆನಿಯನ್ನು ಹೂಡಿದರು. ಮಿಲಾನ್ ಸಮೀಪದ ದೇಸಿಯೊ ಊರಿನಲ್ಲಿ ೧೯೫೭ರಿಂದ ಈ ಬಂಡಿಯನ್ನು ತಯಾರಿಸಿದರು. ಒಳಗೆ ಅದೇ ೫೦೦ರ ಯಂತ್ರ. ಹೊರಗೆ ದೊಡ್ಡ ಕಾರಿನ ಚಿಕ್ಕ ಪ್ರತಿಬಿಂಬ. ಎರಡು ಬಣ್ಣ, ಹೊಳಪಿನ ಪಟ್ಟಿ, ಸ್ವಲ್ಪ ಹೆಚ್ಚಿನ ಬೆಲೆ. ಗುಮಾಸ್ತನ ಹೆಂಡತಿ ನೆರೆಮನೆಯವಳೆದುರಿಗೆ ಇಳಿಯುವಾಗ ಸೆರಗು ಸರಿಮಾಡಿಕೊಳ್ಳುವಂತಹ ಬಂಡಿ. ಮುಂದೆ ೧೯೭೫ರಲ್ಲಿ ಫಾಂತೊತ್ಸಿ ಎಂಬ ಬಡ ಲೆಕ್ಕಿಗನ ಪಾಡನ್ನು ಹಾಸ್ಯವಾಗಿ ಚಿತ್ರಿಸಿದ ಚಲನಚಿತ್ರ ಬಂದಾಗ ಅವನಿಗೆ ವಾಹನವಾಗಿ ಬಂದದ್ದು ಬಿಳಿಯ ಬಿಯಾಂಕೀನವೇ.

ಇನ್ನು ಕೆಲವನ್ನು ಸಂಕ್ಷೇಪವಾಗಿ ಹೇಳುವೆನು. ‘ಜಾರ್ಡಿನಿಯೇರ’ ಎಂಬುದು ಹಿಂದೆ ಸಾಮಾನು ತುಂಬಲು ಜಾಗವುಳ್ಳದ್ದು. ಫಿಯಟ್ಟಿನವರೇ ೧೯೬೦ರಲ್ಲಿ ತಂದರು. ಜಾಗಕ್ಕಾಗಿ ಇಂಜಿನನ್ನು ಪಕ್ಕಕ್ಕೆ ಮಲಗಿಸಿ ನೆಲದ ಅಡಿಗೆ ಸೇರಿಸಿರುವ ಉಪಾಯ ಮೆಚ್ಚತಕ್ಕದ್ದು. ಚೇಳಿನ ಗುರುತುಳ್ಳ ಬಂಡಿ ಕಾರ್ಲೊ ಅಬಾರ್ತ್ ಎಂಬಾತನದು. ಆತನು ಒಡಲನ್ನು ಮುಟ್ಟದೆ ಇಂಜಿನಿಗೆ ಬಲ ತುಂಬಿದವನು. ೧೯೫೮ರಲ್ಲಿ ಆತನ ೫೦೦ ಮೋನ್ಝಾ ಪಥದಲ್ಲಿ ಏಳು ಹಗಲು ಏಳು ರಾತ್ರಿ ಎಡೆಬಿಡದೆ ಗಂಟೆಗೆ ೧೦೮ ಕಿಲೋಮೀಟರಿನ ಸರಾಸರಿಯಲ್ಲಿ ಓಡಿತು. ‘ಮೈ ಕಾರ್’ ಎಂಬ ಇಂಗ್ಲಿಷ್ ಹೆಸರಿನ ಮತ್ತೊಂದು ಬಂಡಿ ವೆರ್ಚೆಲ್ಲಿ ಊರಿನ ಫ್ರಾನ್ಸಿಸ್ ಲೊಂಬಾರ್ದಿಯದು. ಈತನು ಮೊದಲು ವಿಮಾನಚಾಲಕನಾಗಿ ದೂರದೇಶಗಳಿಗೆ ಹಾರಿ ಕೀರ್ತಿ ಗಳಿಸಿದವನು; ಯುದ್ಧಾನಂತರ ಕಾರುಗಳಿಗೆ ಒಡಲು ಕಟ್ಟತೊಡಗಿದನು.

ಆ ಲೊಂಬಾರ್ದಿಯ ನೆವದಿಂದ ಮರುವಾರ ಅಳಿಯನೊಡನೆ ರೈಲಿನಲ್ಲಿ ವೆರ್ಚೆಲ್ಲಿಗೂ ಹೋಗಿ ಬಂದೆನು. ಅಲ್ಲಿ ಕಂಡದ್ದು ಕಾರುಗಳಲ್ಲ, ಬತ್ತದ ಗದ್ದೆಗಳು! ಕಣ್ಣು ಹರಿಯುವಷ್ಟು ದೂರ ನೀರು ಕಟ್ಟಿದ ಗದ್ದೆ, ಅದರಲ್ಲಿ ಆಲ್ಪ್ಸ್ ಪರ್ವತದ ನೆರಳು, ಬದುವಿನ ಮೇಲೆ ಕೊಕ್ಕರೆ. ಮಂಡ್ಯದ ಸೀಮೆಯನ್ನು ಹಿಮಾಲಯದ ಬುಡದಲ್ಲಿ ಇಟ್ಟಂತಿದ್ದಿತು. ಅಲ್ಲಿನ ಅಕ್ಕಿಯನ್ನು ಮಗಳು ರಾತ್ರಿ ಅನ್ನ ಮಾಡಿ ಬಡಿಸಿದಳು. ನಮ್ಮ ಸಾರಿಗೆ ಸ್ವಲ್ಪ ಅಂಟಾಯಿತು, ಮೊಸರಿಗೆ ಒಗ್ಗಿತು.

ಪುನಃ ಆ ಭಾನುವಾರದ ಚೌಕಕ್ಕೆ ಬರೋಣ. ನಾನು ಈ ಲೇಖನವನ್ನು ಬರೆಯುವುದಕ್ಕೆ ಕಾರಣವಾದುದು ಅಲ್ಲಿಯೇ ನಡೆಯಿತು. ಸಾಲಿನ ಕೊನೆಯಲ್ಲಿ ಒಂದು ಸಾದಾ ೫೦೦ರ ಪಕ್ಕದಲ್ಲಿ ಎಂಬತ್ತೈದರ ಮೇಲಿನ ವೃದ್ಧರೊಬ್ಬರು ಮಡಿಚುವ ಕುರ್ಚಿಯ ಮೇಲೆ ಕುಳಿತಿದ್ದರು. ಬಂಡಿಯ ರೆಕ್ಕೆಯ ಮೇಲೆ ನಾನು ಕಾಣದಿದ್ದ ಒಂದು ಸಣ್ಣ ಜಜ್ಜುಗಾಯವನ್ನು ಅವರು ಕಣ್ಣು ಮುಚ್ಚಿಕೊಂಡು ಅಂಗೈಯಿಂದ ಸವರಿ ಪತ್ತೆ ಮಾಡುತ್ತಿದ್ದರು. ಮೊಮ್ಮಗನು ಮಾತನಾಡಿಸಿದನು. ಅವರಿಗೆ ಕಿವಿ ಮಂದ; ಐವತ್ತು ವರ್ಷ ಸುತ್ತಿಗೆಯ ಸದ್ದಿನಲ್ಲಿ ಬಾಳಿದ್ದರ ಫಲ. ಹುಡುಗನು ಕೂಗಿ ಕೇಳುವನು, ಅವರು ಕೂಗಿ ಹೇಳುವರು, ಇವನು ನನಗೆ ಕನ್ನಡದಲ್ಲಿ ಹೇಳುವನು. ಚೌಕದವರೆಲ್ಲ ನಮ್ಮ ಸಂಭಾಷಣೆಗೆ ಶ್ರೋತೃಗಳಾದರು.

ಅವರು ತಗಡು ಬಡಿಯುವವರು. ಹದಿನಾಲ್ಕನೆಯ ವಯಸ್ಸಿನಲ್ಲಿ ಒಂದು ಒಡಲು ಕಟ್ಟುವ ಮನೆಗೆ ಕೆಲಸಕ್ಕೆ ಸೇರಿದರಂತೆ. ಮೊದಲ ವರ್ಷ ಕಸ ಗುಡಿಸುವುದು, ಎರಡನೆಯ ವರ್ಷ ಹಿರಿಯನ ಸುತ್ತಿಗೆಗಳನ್ನು ವರಿಸೆಯಾಗಿ ಇಡುವುದು, ಆಮೇಲೆ ತಗಡು. ಕಾರಿನ ಆಕಾರವನ್ನು ಮೊದಲು ಮರದಲ್ಲಿ ಕೊರೆದು ನಿಲ್ಲಿಸುವರು. ಮರದ ಬೊಡ್ಡೆಯಲ್ಲಿ ತೋಡಿದ ಗುಣಿಯ ಮೇಲೆ ತಗಡನ್ನಿಟ್ಟು ಬಡಿದು ಉಬ್ಬಿಸಿ, ಆ ಮರದ ಅಚ್ಚಿಗೆ ಹೊಂದಿಸಿ ನೋಡುವರು. ಹೊಂದದಿದ್ದರೆ ಮತ್ತೆ ಬಡಿಯುವರು. ಒಂದೇ ಏಟು ಹೆಚ್ಚಾದರೆ ತಗಡು ಹಿಗ್ಗಿ ಕೆಡುವುದು. “ಕಣ್ಣು ಸುಳ್ಳು ಹೇಳುತ್ತದೆ, ಅಂಗೈ ಹೇಳುವುದಿಲ್ಲ, ಆದುದರಿಂದ ಕಣ್ಣು ಮುಚ್ಚಿಕೊಂಡು ಸವರು ಎಂದು ನಮ್ಮ ಗುರು ಹೇಳುತ್ತಿದ್ದ” ಎಂದರು. ಹಾಗಾದರೆ ಈ ಬಗೆಬಗೆಯ ಒಡಲುಗಳನ್ನು ಬಿಟ್ಟು ತಾವು ಸಾದಾ ೫೦೦ ಇಟ್ಟುಕೊಂಡಿರುವಿರಲ್ಲ ಎಂದು ಕೇಳಿಸಿದೆನು. ಅವರು ನಕ್ಕು, “ಅವುಗಳನ್ನು ಕಟ್ಟುವುದಕ್ಕೆ ನನಗೆ ಸಂಬಳ ಸಿಕ್ಕುತ್ತಿತ್ತು, ಆ ಸಂಬಳಕ್ಕೆ ಇದು ಸಿಕ್ಕಿತು” ಎಂದರು.

ಆಮೇಲೆ ಅವರು ನನ್ನನ್ನು ಕೇಳಿದರು: “ನಿಮ್ಮ ದೇಶದಲ್ಲಿ ಈ ಕೆಲಸ ಮಾಡುವವರುಂಟೆ?” ನಾನು ಹಿಂದುಮುಂದು ನೋಡದೆ, “ಧಾರಾಳವಾಗಿ ಉಂಟು. ಬಸ್ಸು ಲಾರಿಗಳಿಗೆ ಒಡಲು ಕಟ್ಟುವರು. ನಮ್ಮ ಊರಿನಲ್ಲಿ ನನ್ನ ಶಿಷ್ಯನೇ ಒಬ್ಬನಿದ್ದಾನೆ” ಎಂದೆನು. ಮೊಮ್ಮಗನು ಅದನ್ನು ಹೇಳುತ್ತಲೇ ವೃದ್ಧರ ಮುಖ ಅರಳಿತು. ಎರಡು ಕೈಗಳಿಂದಲೂ ನನ್ನ ಕೈಯನ್ನು ಹಿಡಿದುಕೊಂಡು ಏನನ್ನೋ ಕೇಳಿದರು. ಹುಡುಗ ಹೇಳಿದನು: “ತಾತ, ಅವನಿಗೆ ಕಲಿಸಿದ್ದು ನೀವೇನಾ ಅಂತ ಕೇಳ್ತಿದ್ದಾರೆ.”

ನನಗೆ ಉತ್ತರ ಹೊರಡಲಿಲ್ಲ. ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಆ ಹುಡುಗನ ತಂದೆ ಊರ ಹೊರಗೆ ಲಾರಿಗಳಿಗೆ ಬಾಡಿ ಕಟ್ಟುತ್ತಿದ್ದನು. ಹುಡುಗನಿಗೆ ರಾಮಶಬ್ದ ಬಾಯಿಗೆ ಬರಲಿಲ್ಲ. ಆದರೆ ಪುಸ್ತಕದ ಅಂಚುಗಳಲ್ಲೆಲ್ಲ ಬಸ್ಸುಗಳ ಚಿತ್ರ ಬರೆದಿದ್ದನು. ಕಿಟಕಿಗಳ ಅಳತೆ ಸಮೇತ. ಒಂದು ದಿನ ನಾನು ಆ ಪುಸ್ತಕವನ್ನು ತರಗತಿಗೆಲ್ಲ ಎತ್ತಿ ತೋರಿಸಿ, “ತಗಡು ಬಡಿಯುವವನಿಗೆ ಸಂಸ್ಕೃತವೇಕೆ? ಹೋಗಿ ಅದನ್ನೇ ಬಡಿ” ಎಂದುಬಿಟ್ಟೆನು. ಮಕ್ಕಳೆಲ್ಲ ನಕ್ಕರು. ಬೇಸಗೆಯ ರಜ ಕಳೆದ ಮೇಲೆ ಅವನು ಶಾಲೆಗೆ ಬರಲಿಲ್ಲ. ಮುಂದೆ ಅವನ ಶೆಡ್ಡು ದೊಡ್ಡದಾಯಿತು. ಅವನು ಕಟ್ಟಿದ ಬಸ್ಸಿನಲ್ಲಿ ಎಷ್ಟೋ ಸಲ ಪ್ರಯಾಣ ಮಾಡಿದ್ದೇನೆ. ಆದರೆ ಆ ಶೆಡ್ಡಿನೊಳಗೆ ಒಮ್ಮೆಯೂ ಕಾಲಿಟ್ಟವನಲ್ಲ. ಅದೇ ವರ್ಷ ಅದೇ ತರಗತಿಯಲ್ಲಿ ನಾನು ಋಗ್ವೇದದ ಋಭುಗಳ ಕಥೆಯನ್ನು ರಸವತ್ತಾಗಿ ಹೇಳಿದ್ದೆನು. ಅಶ್ವಿನೀದೇವತೆಗಳಿಗೆ ರಥ ಕಟ್ಟಿಕೊಟ್ಟು, ಕೈಯ ಕುಶಲತೆಯೊಂದರಿಂದಲೇ ಅಮರತ್ವ ಪಡೆದ ಮೂವರು ಅಣ್ಣತಮ್ಮಂದಿರು. ರಥಕಾರನಿಗೂ ಅಗ್ನ್ಯಾಧಾನದ ಅಧಿಕಾರವುಂಟೆಂದು ಮೀಮಾಂಸಕರು ನಿರ್ಣಯಿಸಿರುವುದನ್ನೂ ನಾನು ಓದಿದವನೇ. ಓದಿದ್ದು ಗ್ರಂಥದಲ್ಲಿ ಉಳಿಯಿತು; ಎದುರಿಗೆ ಕುಳಿತ ರಥಕಾರನ ಮಗನು ಕಾಣಿಸಲಿಲ್ಲ.

“ಇಲ್ಲ, ಅವನ ತಂದೆ ಕಲಿಸಿದನು” ಎಂದು ಹೇಳಿಸಿದೆನು. ವೃದ್ಧರು ತಲೆಯಾಡಿಸಿ ಕೈಬಿಟ್ಟರು.

ಹೊರಡುವ ಮುಂಚೆ ಅಳಿಯನು ನನ್ನನ್ನು ಊರಿನ ಮೋಟಾರು ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದನು. ಅದು ಪೋ ನದಿಯ ದಡದ ಬಳಿ ೧೯೬೦ರಲ್ಲಿ ತೆರೆದ ಕಟ್ಟಡದಲ್ಲಿದೆ. ಅಲ್ಲಿ ನಾನು ಬಹಳ ಹೊತ್ತು ನಿಂತದ್ದು ‘ಚಿಸಿಟಾಲಿಯ ೨೦೨’ ಎಂಬ ಕಾರಿನ ಮುಂದೆ. ೧೯೪೭ರ ಸುಮಾರಿಗೆ ಟುರಿನ್ನಿನ ಪಿನಿನ್ ಫರೀನ ಎಂಬ ಒಡಲುಕಾರನ ಮನೆಯಲ್ಲಿ ಕೈಯಿಂದ ಬಡಿದು ಮಾಡಿದ್ದು. ಎಲ್ಲಿಯೂ ಸಂದು ಕಾಣದಂತೆ, ನೀರಿನಲ್ಲಿ ಸವೆದ ಸಾಲಿಗ್ರಾಮದಂತೆ ಅದರ ಮೈ. ಒಳಗಿನ ಇಂಜಿನು ಫಿಯಟ್ ೧೧೦೦ರ ವಂಶದ್ದು. ಎಂದರೆ ನಮ್ಮ ಡಾಕ್ಟರ ಮನೆಯ ಮುಂದಿದ್ದ ಬಂಡಿಯ ಹಿರಿಯ ದಾಯಾದಿ. ನ್ಯೂಯಾರ್ಕಿನ ಆಧುನಿಕ ಕಲಾಮಂದಿರದವರು ೧೯೫೧ರಲ್ಲಿಯೇ ಈ ಮಾದರಿಯನ್ನು ಕಲಾಕೃತಿಯೆಂದು ಪ್ರದರ್ಶಿಸಿದರು. ಮುಂದೆ ತಮ್ಮ ಸಂಗ್ರಹಕ್ಕೂ ಸೇರಿಸಿಕೊಂಡರು. ೨೦೧೭ರಲ್ಲಿ ಅದೇ ಸಂಗ್ರಹಕ್ಕೆ ಮತ್ತೊಂದು ಇಟಾಲಿಯನ್ ಕಾರು ಸೇರಿತು. ಯಾವುದೆಂದರೆ, ಯಂತ್ರದಲ್ಲಿ ಒತ್ತಿ ಲಕ್ಷಗಟ್ಟಲೆ ಮಾಡಿದ ಸಾದಾ ಫಿಯಟ್ ೫೦೦. ಕೈಯ ಕೆಲಸವೂ ಯಂತ್ರದ ಕೆಲಸವೂ ಒಂದೇ ಪಂಕ್ತಿಯಲ್ಲಿ ಕುಳಿತುವು. ಜಾಲಿಯನ್ನು ನೋಡಿ ಗೊಣಗಿದ ನನಗೆ ಆಗ ಒಂದು ಸಂಗತಿ ತೋರಿತು. ಜಕೋಸಾ ಬಡವನಿಗೆ ಕಾರು ಕೊಟ್ಟನು, ಸರಿ. ಆದರೆ ಸಿರಿವಂತನ ಆಟಿಕೆಯನ್ನೂ ಗುಮಾಸ್ತನ ಸೋಗನ್ನೂ ಕಟ್ಟಿದ ಮನೆಗಳಿಂದಲೇ ಆ ವೃದ್ಧರಂತಹವರ ಕೈ ಒಂದು ತಲೆಮಾರಿನ ಕಾಲ ಜೀವಂತವಾಗಿ ಉಳಿಯಿತು. ಬೇಡಿಕೆ ಕ್ಷುಲ್ಲಕವಾಗಿರಬಹುದು, ಅದಕ್ಕಾಗಿ ಕಲಿತ ವಿದ್ಯೆ ಕ್ಷುಲ್ಲಕವಲ್ಲ.

ಆ ಮನೆಗಳಲ್ಲಿ ಇಂದು ಉಳಿದವು ವಿರಳ. ಘಿಯಾ ೧೯೭೦ರ ದಶಕದಲ್ಲಿ ಅಮೆರಿಕದ ಫೋರ್ಡ್ ಕಂಪೆನಿಯ ವಶವಾಯಿತು. ೧೯೧೨ರಲ್ಲಿ ಮೊದಲಾದ ಬರ್ಟೋನೆ ಮನೆ ೨೦೧೪ರಲ್ಲಿ ಬಾಗಿಲು ಹಾಕಿತು. ಪಿನಿನ್‌ಫರೀನ ಮನೆಯನ್ನು ೨೦೧೫ರಲ್ಲಿ ನಮ್ಮ ದೇಶದ ಮಹೀಂದ್ರ ಸಮೂಹದವರು ಕೊಳ್ಳಲು ಒಪ್ಪಂದ ಮಾಡಿಕೊಂಡರು. ಹಿಂದೆ ಟೊಪೊಲಿನೊ ಕಾರುಗಳನ್ನು ತಯಾರಿಸುತ್ತಿದ್ದ ಲಿಂಗೊಟ್ಟೊ ಎಂಬ ಐದಂತಸ್ತಿನ ಮಹಾ ಕಾರ್ಖಾನೆಯೂ ೧೯೮೨ರಲ್ಲಿ ಮುಚ್ಚಿತು. ಅದರ ತಾರಸಿಯ ಮೇಲೆ ಕಾರುಗಳನ್ನು ಓಡಿಸಿ ಪರೀಕ್ಷಿಸುತ್ತಿದ್ದ ಪಥದಲ್ಲಿ ೨೦೨೧ರಿಂದ ಹೂದೋಟವಿದೆ. ಸಂಜೆ ನಾನೂ ಮೊಮ್ಮಗನೂ ಅಲ್ಲಿ ನಡೆದೆವು. ಜೇನುಹುಳುಗಳು ಹಾರುತ್ತಿದ್ದುವು.

ಊರಿಗೆ ಮರಳಿ ಒಂದು ವಾರ ಕಳೆದ ಮೇಲೆ, ಬೆಳಗಿನ ಹೊತ್ತು, ನಾನು ಹೆದ್ದಾರಿಯ ಪಕ್ಕದ ಆ ಶೆಡ್ಡಿಗೆ ಹೋದೆನು. ಅವನಿಗೂ ಈಗ ಕಿವಿಯ ಬಳಿ ನರೆ. ಕಂಡೊಡನೆ ಸುತ್ತಿಗೆ ಕೆಳಗಿಟ್ಟು, “ಬನ್ನಿ ಮೇಷ್ಟ್ರೇ, ಇದೇನು ಇಷ್ಟು ದೂರ ನಡೆದು ಬಂದಿರಿ?” ಎಂದು ಕುರ್ಚಿ ಒರಸಿ ಕೊಟ್ಟನು. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ ಮಾತುಗಳಲ್ಲಿ ಅರ್ಧ ಮರೆತುಹೋಯಿತು. ಉಳಿದರ್ಧವನ್ನು ಹೇಳಿದೆನು. ಅವನು ತಲೆ ತಗ್ಗಿಸಿಕೊಂಡು ಕೇಳಿ, “ಅದೆಲ್ಲ ಯಾಕೆ ಈಗ, ಬಿಡಿ ಮೇಷ್ಟ್ರೇ” ಎಂದನು. ಮರೆತಿದ್ದೇನೆಂದು ಮಾತ್ರ ಹೇಳಲಿಲ್ಲ. ನಾನೂ ಅದನ್ನು ಬಯಸಲಿಲ್ಲ.

ಅವನ ಕೆಲಸವೂ ಈಗ ತಗ್ಗುತ್ತಿದೆ; ಕಂಪೆನಿಗಳವರೇ ಒಡಲು ಸಹಿತ ಬಸ್ಸನ್ನು ಕಳುಹಿಸತೊಡಗಿದ್ದಾರೆ. ಟುರಿನ್ನಿನಲ್ಲಿ ನಡೆದದ್ದೇ ಇಲ್ಲಿಯೂ ನಡೆಯುತ್ತಿದೆ. ನಾನು ತಂದಿದ್ದ ಜಾಲಿ, ಗಮೀನ್, ಬಿಯಾಂಕೀನಗಳ ಚಿತ್ರಗಳನ್ನು ಅವನು ಒಂದೊಂದಾಗಿ ನೋಡಿದನು. ಬೆತ್ತದ ಪೀಠಕ್ಕೆ ನಕ್ಕನು. ಸುಳ್ಳು ಜಾಲರಿಗೂ ನಕ್ಕನು. ಚಿಸಿಟಾಲಿಯದ ಚಿತ್ರ ಬಂದಾಗ ಮಾತು ನಿಲ್ಲಿಸಿ, ಅದರ ಬೆನ್ನಿನ ಗೆರೆಯ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಎಳೆದನು. ಆಗ ಅವನ ಕಣ್ಣು ಮುಚ್ಚಿದ್ದಿತು.

ಆ ಚಿತ್ರವನ್ನು ಅವನಲ್ಲಿಯೇ ಬಿಟ್ಟು ಬಂದೆನು. ಓದುಗರಲ್ಲಿ ಉಪಾಧ್ಯಾಯರಿದ್ದರೆ, ತಂದೆತಾಯಿಗಳಿದ್ದರೆ, ಅವರಲ್ಲಿ ನನ್ನದೊಂದೇ ಬಿನ್ನಹ: ಪುಸ್ತಕದ ಅಂಚಿನಲ್ಲಿ ಮಗು ಬರೆದಿರುವುದನ್ನು ಅಳಿಸುವ ಮುನ್ನ ಒಮ್ಮೆ ಚೆನ್ನಾಗಿ ನೋಡಿರಿ.